ಬಾಂಡ್ಲಿ ಎಣ್ಣೆ ಹೆಬ್ಬಾಳ ಹತ್ತಿದ್ದು

ಆಗೋದಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಹೇಳಿದ್ದು ಕೊಡಿಗೇಹಳ್ಳಿ ರೈಲ್ವೆ ಗೇಟಿನ ಹತ್ತಿರ, ಅಮ್ಮನ ಬೋಂಡಾ ಗಾಡಿಯ ಮುಂದೆ ನಿಂತು, ಬಾಯಲ್ಲಿ ಅರ್ಧ ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು.

"ಬಜ್ಜಿ ಕರ್ದಿದ್ ಎಣ್ಣೇಲಿ ಇಂಜಿನ್ ಓಡಿಸ್ತಾಳಂತೆ! ಬುಡವ್ವ, ಆಗೋ ಮಾತಾ ಇದು? ಮೊದ್ಲು ಆ ಕಾಲೇಜ್ ಮುಗಿಸ್ಲಿ. ನಮ್ ವಂಶದಾಗೆ ಎಸ್ಸೆಲ್ಸಿ ದಾಟಿದೋರು ಯಾರವ್ರೆ ಏಳು?"

ಗಾಡಿಯ ಸುತ್ತ ನಿಂತಿದ್ದ ಗಿರಾಕಿಗಳೆಲ್ಲ ನಕ್ಕರು. ಅಮ್ಮ ನಗಲಿಲ್ಲ. ಜಾಲರಿ ಸೌಟಿನಿಂದ ಬಾಂಡ್ಲಿಯ ಅಂಚಿಗೆ ಒಂದು ಸಲ ಟಣ್ ಎನ್ನಿಸಿದಳು. ನಮ್ಮ ಮನೆಯಲ್ಲಿ ಅದಕ್ಕೆ ಬಾಯಿ ಮುಚ್ಚು ಎಂದು ಅರ್ಥ.

ಮಾವ ಕೆಟ್ಟವನಲ್ಲ. ಅಪ್ಪ ತೀರಿಕೊಂಡ ಮೇಲೆ ಗಾಡಿಯನ್ನು ಬೆಳಿಗ್ಗೆ ತಳ್ಳಿಕೊಂಡು ಹೋಗಿ ನಿಲ್ಲಿಸುತ್ತಿದ್ದವನು ಅವನೇ. ಯಶವಂತಪುರದ ಮಾರುಕಟ್ಟೆಯಿಂದ ಈರುಳ್ಳಿ ಮೂಟೆ ಸಾಗಿಸುವ ಡೀಸೆಲ್ ಟೆಂಪೋ ಅವನದು. ಅದಕ್ಕೆ ಒಳ್ಳೆಯ ಡೀಸೆಲ್ ಹಾಕಿದರೇ ಸರಿಯಾಗಿ ಹೊರಡುವುದಿಲ್ಲ, ಇನ್ನು ಕರಿದ ಎಣ್ಣೆಯೆಲ್ಲಿ ಎಂಬುದು ಅವನ ವಾದ.

ನಾನು ಓದುತ್ತಿದ್ದದ್ದು ಯಲಹಂಕದ ಆಚೆಯ ಕಾಲೇಜಿನಲ್ಲಿ, ಕೆಮಿಕಲ್ ಇಂಜಿನಿಯರಿಂಗ್. ಕೊನೆಯ ವರ್ಷದ ಪ್ರಾಜೆಕ್ಟಿಗೆ ಜೊತೆಯವರು ಸೋಲಾರ್, ಹೈಡ್ರೋಜನ್, ಬ್ಯಾಟರಿ ಎಂದು ದೊಡ್ಡ ದೊಡ್ಡ ಹೆಸರುಗಳನ್ನು ಹಿಡಿದರು. ನನಗೆ ಗೊತ್ತಿದ್ದದ್ದು ಎಣ್ಣೆ. ಫ್ರಾಕ್ ಹಾಕುವ ವಯಸ್ಸಿನಿಂದ ಆ ಬಾಂಡ್ಲಿಯ ಮಸಿ ಉಜ್ಜಿದ ಕೈ ಇದು. ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಕೊಳ್ಳಲು ಒಬ್ಬ ಬರುತ್ತಿದ್ದ. ಅದನ್ನು ತಿಳಿ ಮಾಡಿ ಮತ್ತೆ ಹೋಟೆಲುಗಳಿಗೇ ಮಾರುತ್ತಾನೆಂದು ಗೊತ್ತಾದ ದಿನದಿಂದ ಅಮ್ಮ ಅವನನ್ನು ಹತ್ತಿರ ಸೇರಿಸಲಿಲ್ಲ. "ಯಾರ್ದೋ ಮಕ್ಳು ತಿಂತವೆ" ಎಂದು ತಿಪ್ಪೆಗೆ ಸುರಿಯುತ್ತಿದ್ದಳು. ಆ ಸುರಿಯುವ ಎಣ್ಣೆಯೇ ನನ್ನ ಪ್ರಾಜೆಕ್ಟ್ ಆಯಿತು.

ನನ್ನ ಗೈಡ್ ಮೇಡಂ ಒಪ್ಪಿಕೊಂಡರು, ಆದರೆ ಒಂದು ಷರತ್ತು. "ವಿಷಯ ಚೆನ್ನಾಗಿದೆ ಕಣಮ್ಮ. ಆದ್ರೆ ಎಕ್ಸಾಮಿನರ್ ಎದುರಿಗೆ ಇಂಜಿನ್ ಓಡಬೇಕು. ಓಡಲಿಲ್ಲ ಅಂದ್ರೆ ಇನ್ನೊಂದು ವರ್ಷ."

ಬೇರೆಯವರಿಗೆ ಇನ್ನೊಂದು ವರ್ಷ ಎಂದರೆ ಇನ್ನೊಂದು ವರ್ಷ. ನಮ್ಮ ಮನೆಯಲ್ಲಿ ಅದರ ಅರ್ಥ ಅಮ್ಮನ ಮಂಡಿ. ಮೂಳೆ ಸವೆದಿದೆ, ನಿಲ್ಲಬಾರದು ಎಂದು ಡಾಕ್ಟರು ಆಗಲೇ ಹೇಳಿದ್ದರು. ಅಮ್ಮ ನನ್ನ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದಳು. "ನೀನ್ ಪಾಸಾಗೋಗಂಟ ನಿಂತ್ಕಂತೀನಿ. ಆಮ್ಯಾಕೆ ಕೂತ್ಕಂತೀನಿ." ಆ ಕೂರುವ ದಿನ ಮುಂದಕ್ಕೆ ಹೋಗಬಾರದು. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ಕೆಲಸ ಕೇಳಲು ಸುಲಭ. ಕರಿದ ಎಣ್ಣೆಯನ್ನು ಸೋಸಿ, ಬಿಸಿ ಮಾಡಿ, ಮೆಥನಾಲ್ ಎಂಬ ಸ್ಪಿರಿಟ್ಟನ್ನೂ ಸ್ವಲ್ಪ ಕಾಸ್ಟಿಕ್ ಸೋಡಾವನ್ನೂ ಬೆರೆಸಿ ಚೆನ್ನಾಗಿ ಕದಡಿ ಬಿಡಬೇಕು. ಬೆಳಗಾಗುವಷ್ಟರಲ್ಲಿ ಎರಡು ಪದರ ಬೇರೆಯಾಗುತ್ತವೆ. ಕೆಳಗೆ ಬೆಲ್ಲದ ಪಾಕದಂಥ ಗ್ಲಿಸರಿನ್, ಮೇಲೆ ಜೇನಿನ ಬಣ್ಣದ ಬಯೋಡೀಸೆಲ್. ಅಮ್ಮನ ಬಾಂಡ್ಲಿಯಿಂದ ನಾನೇ ಬಾಟಲಿಗೆ ಬಗ್ಗಿಸಿಕೊಂಡು ಹೋದ ಎಣ್ಣೆ ಲ್ಯಾಬಿನಲ್ಲಿ ಮೊದಲ ಸಲಕ್ಕೇ ಹಾಗೆ ಎರಡಾಯಿತು. ಅವತ್ತು ಗಾಜಿನ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಾನು ಎಷ್ಟು ಹೊತ್ತು ನೋಡಿದೆನೋ, ಲ್ಯಾಬಿನ ಅಟೆಂಡರ್ ಬಂದು "ಏನ್ ಮೇಡಂ, ಹೆಣ್ಣು ನೋಡೋಕ್ ಬಂದಂಗೆ ನೋಡ್ತಿದೀರಾ" ಎಂದರು.

ಆದರೆ ಇಂಜಿನ್ ಓಡಿಸಲು ಒಂದು ಬಾಟಲಿ ಸಾಲದು, ಕ್ಯಾನುಗಟ್ಟಲೆ ಬೇಕು. ಅಮ್ಮನೇ ದಾರಿ ಮಾಡಿದಳು. ಸಂಜಯನಗರದಿಂದ ಯಲಹಂಕದವರೆಗೆ ಬಜ್ಜಿ ಗಾಡಿ ಇಟ್ಟಿರುವ ಹೆಂಗಸರು ಕಡಲೆಹಿಟ್ಟಿಗೆ ಬರುವುದು ನಮ್ಮ ಬೀದಿಯ ಮಿಲ್ಲಿಗೆ. ಅವರಿಗೆಲ್ಲ ಬೆಳಿಗ್ಗೆ ಖಾಲಿ ಕ್ಯಾನ್ ಕೊಡುವುದು, ತುಂಬಿದ ಮೇಲೆ ವಾಪಸ್ ತರಿಸಿಕೊಳ್ಳುವುದು ಅಮ್ಮನ ಪಾಲಿಗೆ. ದೀಪ ಹಚ್ಚಿದ ಮೇಲೆ ಎಣ್ಣೆಯನ್ನು ಮನೆಯಿಂದ ಹೊರಗೆ ಕೊಡಬಾರದು, ಶನಿವಾರ ಒಳಗೆ ತರಬಾರದು ಎಂಬುದು ಅವರೆಲ್ಲರ ಕಟ್ಟುಪಾಡು. ನನ್ನ ವೇಳಾಪಟ್ಟಿಯನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಂಡೆ. ಲ್ಯಾಬಿನ ಗೋಡೆಯ ಮೇಲೆ 'ಶನಿವಾರ ಎಣ್ಣೆ ಇಲ್ಲ' ಎಂದು ನಾನು ಬರೆದಿದ್ದನ್ನು ಓದಿ ಮೇಡಂ ನಕ್ಕರು, ಅಳಿಸಲಿಲ್ಲ.

ಕ್ಯಾನುಗಳು ತುಂಬಿದವು. ಮಾವ ಗೊಣಗುತ್ತಲೇ ಟೆಂಪೋದಲ್ಲಿ ತಂದು ಇಳಿಸಿದ. ನಾನು ದೊಡ್ಡ ಪಾತ್ರೆಯಲ್ಲಿ ಬೆರೆಸಿ, ಕದಡಿ, ಬಾಗಿಲು ಹಾಕಿಕೊಂಡು ಹೋದೆ. ಬೆಳಿಗ್ಗೆ ಬಂದು ನೋಡಿದರೆ ಪದರವೇ ಇಲ್ಲ. ಗಂಜಿಯಂಥ ಒಂದೇ ಬಿಳಿ ಮುದ್ದೆ.

"ಮಗಾ, ಪಾಯಸ ಆಗೋಗಿದೆ ಕಣೇ" ಎಂದಳು ಪಕ್ಕದ ಮೇಜಿನ ಗೆಳತಿ.

ಪಾಯಸವಲ್ಲ, ಸೋಪು. ಎಣ್ಣೆಯಲ್ಲಿ ನೀರಿದ್ದರೆ ಹಾಗಾಗುತ್ತದೆ. ಸ್ವಲ್ಪವೇ ನೀರಿನ ಜೊತೆ ವಾರಗಟ್ಟಲೆ ಬಿಸಿಲಲ್ಲಿ ಕೂತರೂ ಎಣ್ಣೆ ಹುಳಿಯಾಗಿಬಿಡುತ್ತದೆ. ಸೋಡಾ ಸೇರಿದರೆ ಇಂಧನವಾಗುವ ಬದಲು ಸಾಬೂನಾಗಿ ಕೂರುತ್ತದೆ. ಖಾಲಿ ಕ್ಯಾನು ಒಯ್ಯಲು ಬಂದಿದ್ದ ಮಾವ ಅದನ್ನು ಬೆರಳಲ್ಲಿ ಮುಟ್ಟಿ, ಉಜ್ಜಿ, ನೊರೆ ಬರಿಸಿದ.

"ಗಾಡಿ ಓಡ್ಸಕ್ ಆಗ್ದಿದ್ರೆ ಏನಂತೆ, ತೊಳ್ಯಕ್ ಆಯ್ತದೆ!"

ನನಗೆ ಅಳು ಬಂತು. ಅವನ ಮುಂದೆ ಅಳಲಿಲ್ಲ. ಉಳಿದಿದ್ದ ಕ್ಯಾನಿನಿಂದ ಒಂದು ಸೌಟು ಎಣ್ಣೆಯನ್ನು ಬಾಣಲೆಯಲ್ಲಿ ಕಾಯಿಸಿದೆ. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಸಿಡಿಯಿತು. ನೀರು. ಸಂಶಯವೇ ಇಲ್ಲ. ಆದರೆ ಎಲ್ಲಿಂದ?

ಸಂಜಯನಗರದ ಬಜ್ಜಿ ಅಕ್ಕನನ್ನು ಹೋಗಿ ಕೇಳಿದೆ, ಎಣ್ಣೆಗೆ ನೀರೇನಾದರೂ ಬಿತ್ತಾ ಎಂದು. ಅವರು ಸೊಂಟಕ್ಕೆ ಕೈಯಿಟ್ಟರು. "ಏನಮ್ಮಾ, ಕಾದೆಣ್ಣೆಗೆ ನೀರಾಕಿ ಮಖ ಸುಟ್ಕೊಳ್ಳೋಕೆ ನಂಗೇನ್ ತಲೆ ಕೆಟ್ಟೈತಾ? ಇಂಜಿನಿಯರ್ ಓದ್ತೀಯಾ, ಇಂಗಾ ಕೇಳೋದು?" ಕ್ಷಮಿಸಿ ಅಕ್ಕಾ ಎಂದು ವಾಪಸ್ ಬಂದೆ.

ಮಾರನೆಯ ಬೆಳಿಗ್ಗೆ ಕಾಲೇಜಿಗೆ ಹೋಗದೆ ಜಗಲಿಯಲ್ಲಿ ಕೂತೆ. ಮಿಲ್ಲಿಗೆ ಬಂದ ಒಬ್ಬ ಹೆಂಗಸು ಕ್ಯಾನ್ ಕೇಳಿದಳು. ಅಮ್ಮ ಒಂದು ಖಾಲಿ ಕ್ಯಾನ್ ತೆಗೆದು, ತಂಬಿಗೆಯಿಂದ ಒಂದು ಗುಟುಕು ನೀರನ್ನು ಅದರೊಳಗೆ ಬಿಟ್ಟು, ಮುಚ್ಚಳ ತಿರುಗಿಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

"ಅಮ್ಮಾ! ಏನ್ ಮಾಡ್ದೆ ಈಗ?"

"ಏನ್ ಮಾಡ್ದೆ? ಕ್ಯಾನ್ ಕೊಟ್ಟೆ."

"ನೀರು ಯಾಕೆ ಹಾಕ್ದೆ?"

ಊಟ ಮಾಡುವುದು ಹೇಗೆಂದು ನಾನು ಕೇಳಿದೆನೇನೋ ಎಂಬಂತೆ ಅಮ್ಮ ನನ್ನನ್ನು ನೋಡಿದಳು. "ಬರೀ ಪಾತ್ರೆ ಯಾರಾದ್ರೂ ಮನೆಯಿಂದ ಆಚೆ ಕೊಡ್ತಾರೇನೆ? ಒಂದ್ ತೊಟ್ಟು ನೀರಾದ್ರೂ ಇರ್ಬೇಕು."

ನಮ್ಮಲ್ಲಿ ಅದು ಇದ್ದದ್ದೇ. ಪಕ್ಕದ ಮನೆಯ ಡಬ್ಬಿ ಹಿಂತಿರುಗಿಸುವಾಗ ಚಿಟಿಕೆ ಸಕ್ಕರೆ, ಬಿಂದಿಗೆ ಕೊಡುವಾಗ ತಳದಲ್ಲಿ ನೀರು. ನಾನೂ ಹಾಗೇ ಕೊಟ್ಟು ಬೆಳೆದವಳು. ಪ್ಲಾಸ್ಟಿಕ್ ಕ್ಯಾನಿಗೂ ಆ ಮರ್ಯಾದೆ ಸಲ್ಲುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ವಿಷಯ ಬಿಡಿಸಿ ಹೇಳಿದೆ. ಅಮ್ಮನ ಮುಖ ಇಳಿದುಹೋಯಿತು.

"ಅಂಗಾದ್ರೆ ನನ್ ಕೈಯಿಂದ್ಲೇ ಕೆಟ್ಟೋಯ್ತಾ? ನೀರ್ ಬ್ಯಾಡ, ಸಕ್ರೆ ಆಕ್ಲಾ?"

"ಸಕ್ಕರೆನಾ! ಅಮ್ಮಾ ತಾಯಿ, ಅದು ಇನ್ನೂ ಮೋಸ."

"ಬರೀದಂತೂ ನಾನ್ ಕೊಡಾಕಿಲ್ಲ, ಏಳಿವ್ನಿ" ಎಂದಳು. ನನಗೂ ಅದು ಸರಿ ಎನ್ನಿಸಿತು. ಕೆಟ್ಟದ್ದು ನೀರಿನಿಂದ, ಅವಳ ಮರ್ಯಾದೆಯಿಂದ ಅಲ್ಲವಲ್ಲ. ಆಮೇಲೆ ನಾನೇ ಹೇಳಿದೆ: "ಎಣ್ಣೇನೇ ಹಾಕು. ಒಂದು ಚಮಚ ಹೊಸ ಎಣ್ಣೆ." ಅಮ್ಮ ಎದ್ದು ಹೋಗಿ ಹಬ್ಬಕ್ಕೆಂದು ಇಟ್ಟಿದ್ದ ಕಡಲೆಕಾಯಿ ಎಣ್ಣೆಯ ಡಬ್ಬವನ್ನೇ ತಂದಳು. ಅಂದಿನಿಂದ ಕ್ಯಾನುಗಳನ್ನು ನಾನು ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸುತ್ತಿದ್ದೆ, ಅವಳು ಪ್ರತಿಯೊಂದಕ್ಕೂ ಒಂದು ಚಮಚ ಒಳ್ಳೆಯ ಎಣ್ಣೆ ಬಿಟ್ಟು ಕೊಡುತ್ತಿದ್ದಳು. ಲ್ಯಾಬಿಗೆ ಬಂದ ಎಣ್ಣೆಯನ್ನು ಸಿಡಿಯುವ ಸದ್ದು ಪೂರ್ತಿ ನಿಲ್ಲುವವರೆಗೆ ಕಾಯಿಸಿದ ಮೇಲೆಯೇ ಸೋಡಾ ಮುಟ್ಟುತ್ತಿದ್ದೆ. ಈ ಸಲ ಪಾತ್ರೆಯಲ್ಲಿ ಎರಡು ಪದರ ಗೆರೆ ಎಳೆದ ಹಾಗೆ ನಿಂತವು.

ಪರೀಕ್ಷೆಯ ದಿನ ಮಾವ ಕ್ಯಾನು ಇಳಿಸಿದವನು ಹೋಗಲಿಲ್ಲ. ಬಾಗಿಲ ಹತ್ತಿರ ಕೈಕಟ್ಟಿ ನಿಂತ. ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಬಯೋಡೀಸೆಲ್ಲನ್ನು ಮೂಸಿ ನೋಡಿ "ಏನಮ್ಮಾ, ಚಟ್ನಿ ಎಲ್ಲಿ?" ಎಂದರು. ಲ್ಯಾಬಿನ ಒಂಟಿ ಸಿಲಿಂಡರಿನ ಇಂಜಿನ್ನಿಗೆ ತುಂಬಿಸಿ ಹ್ಯಾಂಡಲ್ ತಿರುಗಿಸಿದೆ. ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದೆ. ಮತ್ತೆ ಕೆಮ್ಮಿ, ಹಿಡಿದುಕೊಂಡು, ಟಗಟಗ ಎಂದು ಓಡತೊಡಗಿತು. ನಿಲ್ಲಿಸಿ ಸಾಕು ಎಂದು ಅವರೇ ಹೇಳುವವರೆಗೂ ಓಡಿತು. ಮಾವ ಕಣ್ಣು ಮುಚ್ಚಿ ಕಿವಿ ಕೊಟ್ಟು ಕೇಳುತ್ತಿದ್ದ, ಸಂಗೀತ ಬಲ್ಲವರ ಹಾಗೆ.

ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದ. "ಉಳ್ದದಾ? ನನ್ ಗಾಡಿಗೂ ಒಸಿ ಆಕು."

ಡೀಸೆಲ್ಲಿನ ಜೊತೆ ಬೆರೆಸಿ ಹಾಕಿದೆ. ಬಾಗಲೂರು ಕ್ರಾಸ್ ದಾಟಿ, ಕೊಡಿಗೇಹಳ್ಳಿಯಲ್ಲಿ ಮನೆಗೆ ತಿರುಗುವ ಬದಲು ಅವನು ನೇರ ಹೆಬ್ಬಾಳದ ಫ್ಲೈಓವರಿಗೇ ಏರಿಸಿದ. ಪಕ್ಕದಲ್ಲಿ ಏರ್‌ಪೋರ್ಟಿನ ಕರೆಂಟ್ ಬಸ್ಸು ಸದ್ದಿಲ್ಲದೆ ಹತ್ತುತ್ತಿತ್ತು. ನಮ್ಮದು ಸದ್ದು ಮಾಡಿಕೊಂಡು, ಬಜ್ಜಿಯ ವಾಸನೆ ಬಿಟ್ಟುಕೊಂಡು ಹತ್ತಿತು. ಹಿಂದಿದ್ದ ಬೈಕಿನವನು ಹತ್ತಿರ ಬಂದು ಹೆಲ್ಮೆಟ್ಟಿನ ಗಾಜು ಎತ್ತಿದ. "ಗುರೂ, ಗಾಡಿ ಒಳಗೆ ಏನ್ ಕರೀತಿದೀರಾ?" ಮಾವ ಗೇರ್ ಬದಲಾಯಿಸಿದ. ಇಡೀ ದಾರಿ ಅವನ ಮೀಸೆ ನಗುತ್ತಿತ್ತು.

ಈಗ ನಾನು ಕೆಲಸ ಮಾಡುವುದೂ ಅದೇ ಎಣ್ಣೆಯ ಜೊತೆ. ಹೋಟೆಲುಗಳ ಕರಿದ ಎಣ್ಣೆ, ಹಳ್ಳಿಗಳಿಂದ ಬರುವ ಹೊಂಗೆ ಬೀಜದ ಎಣ್ಣೆ, ಎರಡನ್ನೂ ಇಂಧನ ಮಾಡುವ ಘಟಕದಲ್ಲಿ. ಅಲ್ಲಿನ ಯಂತ್ರಗಳು ನೀರಿನ ಅಂಶವನ್ನು ತಾವೇ ಅಳೆಯುತ್ತವೆ. ಅವು ಅಳೆಯುವಾಗಲೆಲ್ಲ ನನಗೆ ಅಮ್ಮನ ತಂಬಿಗೆ ನೆನಪಾಗುತ್ತದೆ.

ಪದವಿ ಪ್ರದಾನದ ದಿನ ಅಮ್ಮ ಸಭಾಂಗಣದ ಮೆತ್ತನೆಯ ಕುರ್ಚಿಯಲ್ಲಿ, ನೋವಿರುವ ಕಾಲನ್ನು ಮುಂದಕ್ಕೆ ಚಾಚಿ ಕೂತಿದ್ದಳು. ಒಪ್ಪಂದದ ಪ್ರಕಾರ ಗಾಡಿಗೆ ಬಟ್ಟೆ ಮುಚ್ಚಿ ಬಂದಿದ್ದಳು. ನನ್ನ ಹೆಸರು ಕರೆದರು. ವೇದಿಕೆ ಹತ್ತಿ, ಎರಡೂ ಕೈಯೊಡ್ಡಿ ಸರ್ಟಿಫಿಕೇಟ್ ತೆಗೆದುಕೊಂಡೆ. ಇಳಿದು ನೇರ ಹೋಗಿ ಅಮ್ಮನ ಮಡಿಲಲ್ಲಿಟ್ಟೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಅದನ್ನು ಮುಟ್ಟಿದಳು. ಪಕ್ಕದಲ್ಲಿದ್ದ ಮಾವ ಬಾಗಿ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಾಡಿಸಿದ.

"ಇದ್ರಾಗೆ ಬಜ್ಜಿ ಎಣ್ಣೆ ಅಂತ ಎಲ್ ಬರ್ದವ್ರೆ?"

"ಅದೆಲ್ಲ ಬರೆಯಲ್ಲ ಮಾವ. ನನ್ನ ಹೆಸರು, ಡಿಗ್ರಿ ಹೆಸರು, ಅಷ್ಟೇ."

ಮಾವ ಒಂದು ಸಲ ಸರ್ಟಿಫಿಕೇಟ್ ನೋಡಿದ, ಒಂದು ಸಲ ತನ್ನ ಅಕ್ಕನ ಕಾಲು ನೋಡಿದ.

"ಅರ್ಧಾನೇ ಬರ್ದವ್ರೆ ಅನ್ನು. ಇರ್ಲಿ ಬುಡವ್ವ, ಇನ್ನರ್ಧ ಊರ್ಗೆಲ್ಲ ನಾನ್ ಏಳ್ಕಂಡ್ ಬತ್ತೀನಿ."