ಆಯಿ ಕೊಟ್ಟ ಉದಾಹರಣೆ ವಾಕ್ಯ

ಬೈಲಹೊಂಗಲದ ನಮ್ಮ ಮನೆಯ ಮೇಲೆ ಒಂದು ಖೋಲಿ ಕಟ್ಟಿಸುತ್ತಿದ್ದೇವೆ. ಕಲ್ಲುಪುಡಿಯ ಉಸುಕೇ ಸಾಕು ಎಂದು ನಾನು ಎಷ್ಟು ಹೇಳಿದರೂ ಗೌಂಡಿ ಕೇಳಲಿಲ್ಲ. ಗೋಡೆಯ ಗಿಲಾವಿಗೆ ಹೊಳೆಯ ಉಸುಕೇ ಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ ಎಂದು ಹಟ ಹಿಡಿದ. ಹೋದ ವಾರ ಬೆಳಿಗ್ಗೆ ತಾಡಪತ್ರಿ ಹೊದ್ದ ಟ್ರ್ಯಾಕ್ಟರೊಂದು ಬಂದು ಅಂಗಳದಲ್ಲಿ ಹಸಿ ಉಸುಕು ಸುರಿದು ಹೋಯಿತು. ಎಲ್ಲಿಯದು ಎಂದು ನಾನು ಕೇಳಲಿಲ್ಲ, ತಂದವನೂ ಹೇಳಲಿಲ್ಲ. ಚಹಾದ ಕಪ್ಪು ಹಿಡಿದು ಬಾಗಿಲಿಗೆ ಬಂದೆ. ಕೊಳೆತ ಪಾಚಿ, ಚಿಪ್ಪು, ಇಂಗಿದ ನೀರು ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಡಿಯಿತು. ಕಪ್ಪನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋಗಿ ಕುಳಿತುಬಿಟ್ಟೆ. ಆಯಿಯ ಸೀರೆಗೆ ಇದೇ ವಾಸನೆ ಇತ್ತು...

ಊರೆಲ್ಲ ಆಯಿ ಎಂದು ಕರೆಯುತ್ತಿದ್ದ ಆ ಮುದುಕಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನ ಹೆಸರನ್ನೂ ಬರೆಯುವುದಿಲ್ಲ. ಸವದತ್ತಿ ದಾಟಿ ರಾಮದುರ್ಗದ ಕಡೆ ಹೋಗುವಾಗ ಮಲಪ್ರಭೆಯ ದಂಡೆಗೆ ಸಿಗುವ ಊರುಗಳಲ್ಲಿ ಒಂದು ಎಂದರೆ ಸಾಕು. ಒಮ್ಮೆ ಎರಡನ್ನೂ ಬರೆದವಳು ನಾನೇ. ಅದರಿಂದ ಆದದ್ದನ್ನು ಹೇಳಲಿಕ್ಕೇ ಈಗ ಕುಳಿತಿದ್ದೇನೆ.

ಆಗ ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದೆ. ದೂರದ ಒಂದು ಸಂಸ್ಥೆಯವರು ಹೊಳೆದಂಡೆಯ ಊರುಗಳ ಮಾತನ್ನು ಕೂಡಿಸುವ ಕೆಲಸ ಹಿಡಿದಿದ್ದರು. ನೀರಿಗೆ, ಮಣ್ಣಿಗೆ, ಉಸುಕಿಗೆ ಸಂಬಂಧಿಸಿದ ಶಬ್ದಗಳನ್ನು ಹಿರಿಯರ ಬಾಯಿಂದಲೇ ಧ್ವನಿಮುದ್ರಿಸಿ ಇಂಟರ್ನೆಟ್ಟಿನ ಒಂದು ನಿಘಂಟಿನಲ್ಲಿ ಹಾಕಬೇಕು. ಪ್ರತಿ ಶಬ್ದದ ಪಕ್ಕ ಹೇಳಿದವರ ಹೆಸರು, ನಕಾಶೆಯಲ್ಲಿ ಅವರ ಊರಿನ ಮೇಲೆ ಒಂದು ಕೆಂಪು ಚುಕ್ಕಿ, ಮತ್ತು ಒಂದು ಉದಾಹರಣೆ ವಾಕ್ಯ. ಯಾವ ಊರಿನಲ್ಲಿ ಜನ ಹೊಳೆಯ ಶಬ್ದ ಮರೆತಿದ್ದಾರೋ ಅಲ್ಲಿ ಹೊಳೆಯೂ ಕೆಟ್ಟಿರುತ್ತದೆ, ಶಬ್ದದ ನಕಾಶೆ, ಹೊಳೆಯ ನಕಾಶೆ ಎರಡನ್ನೂ ಒಂದರ ಮೇಲೊಂದು ಇಟ್ಟರೆ ಅದು ಕಣ್ಣಿಗೆ ಕಾಣುತ್ತದೆ ಎಂದು ಅಲ್ಲಿಯ ವಿದ್ವಾಂಸರೊಬ್ಬರು ನಮಗೆ ವಿವರಿಸಿದ್ದರು. ಒಳ್ಳೆಯ ಮನುಷ್ಯ, ಅವರ ಮಾತೂ ಸುಳ್ಳಲ್ಲ. ನನಗಂತೂ ಅದನ್ನು ಕೇಳಿ ಮೈಯಲ್ಲಿ ಹುಮ್ಮಸ್ಸು ತುಂಬಿತ್ತು. ಸವದತ್ತಿ, ರಾಮದುರ್ಗ ಎರಡೂ ತಾಲೂಕು ನನ್ನ ಪಾಲಿಗೆ ಬಂದವು.

ಆಯಿ ಸಿಕ್ಕದ್ದು ಹೊಳೆಯ ಒಳಗೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಅದರ ಉಸುಕಿನಲ್ಲೇ ಗುಂಡಿ ತೆಗೆದು, ಗೊಬ್ಬರ ಹಾಕಿ, ಸೌತೆ, ಕಲ್ಲಂಗಡಿ ಬಳ್ಳಿ ಹಚ್ಚುವ ರೂಢಿ ಆ ಕಡೆ ಇತ್ತು. ಅವಳು ಕುಕ್ಕರುಗಾಲಲ್ಲಿ ಕುಳಿತು ಉಸುಕು ತೋಡಿ, ತೆಂಗಿನ ಚಿಪ್ಪಿನಿಂದ ನೀರು ಮೊಗೆದು ಬಳ್ಳಿಗೆ ಹಾಕುತ್ತಿದ್ದಳು. ಹಾಗೆ ತೋಡಿದ ನೀರಿನ ಕುಣಿಗೆ ವರತಿ ಎನ್ನುತ್ತಾರೆ. ಕುಡಿಯುವುದಕ್ಕೂ ಅದೇ ನೀರು. ನಾನು ಬಂದ ಕಾರಣ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಓದಿದವರಿಗೆ ಶಬ್ದದ ಬರ ಬಂತೇನು ಎಂದು ಕೇಳಿದಳು. ಆಮೇಲೆ ಒಂದು ಎಳೆ ಸೌತೆಕಾಯಿ ಮುರಿದು ಅರ್ಧ ನನಗೆ ಕೊಟ್ಟಳು.

ಮದುವೆಯಾದ ಮೂರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಮ್ಮ ತೀರಿದ ಮೇಲೆ ತಮ್ಮನ ಮಗನ ಮನೆಯಲ್ಲೇ ಇದ್ದಳು. ಆ ತಮ್ಮನ ಮಗನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಅವನ ಹತ್ತಿರ ಎರಡು ಟ್ರ್ಯಾಕ್ಟರುಗಳಿದ್ದವು. ಅವು ಎಲ್ಲಿ ದುಡಿಯುತ್ತವೆ ಎಂದು ಊರಿಗೆಲ್ಲ ಗೊತ್ತಿತ್ತು. ಹೊಳೆಯಿಂದ ರಾತ್ರಿ ಕದ್ದು ತೆಗೆದ ಉಸುಕು ಆ ಊರಿನ ಅರ್ಧ ಒಲೆಗಳನ್ನು ಉರಿಸುತ್ತಿತ್ತು. ತುಂಬುವವರು, ಹೊರುವವರು, ದಾರಿ ಕಾಯುವವರು ಎಲ್ಲರೂ ಊರಿನವರೇ. ನನಗೂ ಅದು ಕಂಡಿತ್ತು. ಆದರೆ ನಾನು ಹೋದದ್ದು ಶಬ್ದಕ್ಕೆ, ಅದು ನನ್ನ ಕೆಲಸವಲ್ಲ ಅಂದುಕೊಂಡಿದ್ದೆ.

ಎಂಟು ದಿನ ಅವಳ ಜೊತೆ ಹೊಳೆಯಲ್ಲಿ ಕುಳಿತೆ. ಹರಳು ತುಂಬಿದ ಗರಸು ಯಾವುದು, ಹೊಳೆ ತಂದು ಹಾಕುವ ನುಣ್ಣನೆಯ ರೇವೆ ಯಾವುದು, ಕಾಲಿಟ್ಟರೆ ಹೀರಿಕೊಳ್ಳುವ ಹುದಲು ಯಾವುದು ಎಂದು ಅವಳು ಪಾದದಿಂದಲೇ ಹೇಳುತ್ತಿದ್ದಳು. ನನಗೂ ಚಪ್ಪಲಿ ಬಿಡಿಸಿ ನಡೆಸಿದಳು. ನಾನು ತಪ್ಪು ಹೇಳಿದಾಗ ನಿನ್ನ ಅಂಗಾಲು ಇನ್ನೂ ಸಾಲೆಗೆ ಹೋಗಿಲ್ಲ ಎಂದು ನಗುತ್ತಿದ್ದಳು. ನಮ್ಮ ಅಮ್ಮ ಸತ್ತ ಮೇಲೆ ಅಷ್ಟು ಸಲಿಗೆಯಿಂದ ನನ್ನನ್ನು ಯಾರೂ ಬೈದಿರಲಿಲ್ಲ. ಬಲು ಹಿತವಾಗಿತ್ತು.

ತೊಂದರೆ ಇದ್ದದ್ದು ವಾಕ್ಯದ್ದು. ಬೇರೆ ಊರಿನ ಹಿರಿಯರು ಉದಾಹರಣೆ ಕೇಳಿದರೆ ಹೊಳೆ ತುಂಬಿ ಹರಿಯಿತು, ಮಳೆ ಛಲೋ ಬಂತು ಎಂದು ಪಾಠದ ಪುಸ್ತಕದಂಥ ಮಾತು ಹೇಳಿ ಮುಗಿಸುತ್ತಿದ್ದರು. ಆಯಿಗೆ ಅದು ಬರುತ್ತಿರಲಿಲ್ಲ. ಆಗದೇ ಇದ್ದದ್ದನ್ನು ಬರೀ ಮಾತಿಗೋಸ್ಕರ ಹೇಗೆ ಹೇಳುವುದು ಎನ್ನುತ್ತಿದ್ದಳು. ವರತಿ ಎಂದರೆ ಯಾವ ವರ್ಷ ಎಷ್ಟು ಮೊಳ ತೋಡಿದ ಮೇಲೆ ನೀರು ಬಂತು ಎಂದು ಹೇಳುವಳು. ರೇವೆ ಎಂದರೆ ಯಾರ ಹೊಲಕ್ಕೆ ಎಷ್ಟು ಬಂದು ಕೂತಿತು ಎಂದು ಹೇಳುವಳು. ಸಂಸ್ಥೆಯವರದೂ ಒಂದು ನೇಮವಿತ್ತು: ವಾಕ್ಯ ಸಹಜವಾಗಿರಬೇಕು, ಕತ್ತರಿಸಬಾರದು, ತಿದ್ದಬಾರದು. ನಾನು ಆ ನೇಮವನ್ನು ಚಾಚೂ ತಪ್ಪದೆ ಪಾಲಿಸಿದೆ. ಅಷ್ಟು ನಿಷ್ಠೆಯನ್ನು ಬೇರೆ ಕಡೆ ತೋರಿಸಿದ್ದರೆ...

ಏಳನೆಯ ದಿನ ಮಡು ಎಂಬ ಶಬ್ದ ಬಂತು. ಹೊಳೆಯಲ್ಲಿ ನೀರು ಆಳವಾಗಿ ನಿಲ್ಲುವ ಜಾಗ. ಉದಾಹರಣೆ ಕೇಳಿದೆ. ಆಯಿ ಕೈಯಲ್ಲಿದ್ದ ಚಿಪ್ಪನ್ನು ಕೆಳಗಿಟ್ಟಳು.

"ಮೊದಲೆಲ್ಲ ಮಡು ಹೊಳಿ ತಾನ ಮಾಡ್ಕೊಂತಿತ್ತು. ಈಗ ನಮ್ಮ ಮನಿ ಟ್ರ್ಯಾಕ್ಟರ್ ಮಾಡ್ತಾವು. ಮ್ಯಾಲಿನ ಓಣಿ ಸೊಸಿ ಮಹಾನವಮಿಗೆ ಹಾಸಗಿ ಒಗ್ಯಾಕ ಬಂದಾಕಿ ಅಂಥಾ ಮಡುದಾಗ ಹ್ವಾದ್ಲು. ಹಿಂದಿನ ದಿನ ಅಲ್ಲಿ ಮೊಣಕಾಲ ಮಟ ನೀರಿತ್ತು. ಕಾಲ ಜಾರಿ ಬಿದ್ಲು ಅಂತ ಬರಿಸಿದ್ರು."

ನಮ್ಮ ಕಡೆ ಮಹಾನವಮಿಗೆ ಮುಂಚೆ ಮನೆಯ ಕೌದಿ, ಕಂಬಳಿಗಳನ್ನೆಲ್ಲ ಹೊಳೆಗೆ ಒಯ್ದು ಒಗೆಯುತ್ತಾರೆ. ಆ ಹುಡುಗಿ ಮದುವೆಯಾಗಿ ಬಂದ ಮೊದಲ ವರ್ಷ. ನೀರು ಕುಡಿದು ಭಾರವಾದ ಕೌದಿ ಕೈ ಜಾರಿ ಹರಿದು ಹೊರಟಿತು, ಹಿಡಿಯಲು ಎರಡು ಹೆಜ್ಜೆ ಮುಂದೆ ಹೋದಳು. ರಾತ್ರಿ ತೋಡಿದ ಕುಣಿ ನೀರಿನ ಕೆಳಗೆ ಕಾಣುವುದಿಲ್ಲ. ದಂಡೆಯ ಮೇಲೆ ನಿಂತು ನೋಡಿದವಳು ಆಯಿ ಒಬ್ಬಳೇ. ಇದನ್ನೆಲ್ಲ ಅವಳು ಬೇರೆ ಹೊತ್ತಿನಲ್ಲಿ, ಧ್ವನಿಮುದ್ರಣ ನಿಲ್ಲಿಸಿದ ಮೇಲೆ ಹೇಳಿದಳು. ಪೊಲೀಸರ ಮುಂದೆ ತಮ್ಮನ ಮಗನ ಮುಖ ನೋಡಿ ಬಾಯಿ ಮುಚ್ಚಿದ್ದಳಂತೆ. ಮುಚ್ಚಿದ ಬಾಯಿ ನನ್ನ ಒಂದು ಶಬ್ದಕ್ಕೆ ತೆರೆದಿತ್ತು.

ಕೊನೆಯ ದಿನ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ, ಇದನ್ನು ಯಾರು ಕೇಳುತ್ತಾರೆ ಎಂದು ಕೇಳಿದಳು. ದೂರದೂರಿನ ಓದಿದ ಜನ ಕೇಳುತ್ತಾರೆ ಎಂದೆ. ಅವಳಿಗೆ ಸಮಾಧಾನವಾಯಿತು. ನನಗೂ ಅದೇ ನಂಬಿಕೆ. ನಿಘಂಟನ್ನು ಊರಿನವರು ಯಾಕೆ ಓದುತ್ತಾರೆ? ಅದರಲ್ಲೂ ಉದಾಹರಣೆ ವಾಕ್ಯವನ್ನು ಯಾರು ಓದುತ್ತಾರೆ?

ಆರು ತಿಂಗಳ ಮೇಲೆ ನಿಘಂಟು ತೆರೆದುಕೊಂಡಿತು. ನಕಾಶೆಯಲ್ಲಿ ಆ ಊರಿನ ಕೆಂಪು ಚುಕ್ಕಿ ಕಂಡು ನನಗೆ ತಡೆಯಲಾಗದ ಹಿಗ್ಗು. ಊರಿನ ಸಾಲೆಯ ಮಾಸ್ತರರಿಗೆ ಅದರ ಕೊಂಡಿ ಕಳಿಸಿದೆ, ನಿಮ್ಮ ಆಯಿಯ ಧ್ವನಿ ಈಗ ಜಗತ್ತೆಲ್ಲ ಕೇಳುತ್ತದೆ ಎಂದು ಬರೆದೆ. ಮಾಸ್ತರರಿಗೂ ಹೆಮ್ಮೆ. ಅವರು ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಮಧ್ಯಾಹ್ನದ ತನಕ ಎಲ್ಲರೂ ವರತಿ, ಗರಸು ಎಂದು ಒಂದೊಂದೇ ಒತ್ತಿ ಕೇಳಿ ನಕ್ಕರಂತೆ. ಸಂಜೆಯ ಹೊತ್ತಿಗೆ ಯಾರೋ ಮಡು ಒತ್ತಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆಯಿ ಆಡಿದ ಮಾತನ್ನು ನಾನು ಹೋಗದಂತೆ ಮಾಡಿ, ಮನೆಮನೆಗೆ ಹಂಚಿದ್ದೆ.

ಅವಳ ಮೈಮೇಲೆ ಯಾರೂ ಕೈ ಮಾಡಲಿಲ್ಲ. ಮಾತು ಬಿಟ್ಟರು, ಅಷ್ಟೇ. ನಳದ ಸಾಲಿನಲ್ಲಿ ಅವಳು ನಿಂತರೆ ಉಳಿದವರು ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಅವಳ ಸೌತೆಕಾಯಿಯನ್ನು ಯಾರೂ ಕೊಳ್ಳಲಿಲ್ಲ. ಮನೆಯಲ್ಲಿ ತಾಟು ತಂದು ಮುಂದಿಡುತ್ತಿದ್ದರು, ಊಟ ಮಾಡು ಎಂದು ಮಾತ್ರ ಹೇಳುತ್ತಿರಲಿಲ್ಲ. ಸತ್ತ ಹುಡುಗಿಯ ಅತ್ತೆಯ ಮನೆಯವರೂ ಅವಳ ಕಡೆ ನಿಲ್ಲಲಿಲ್ಲ, ಮುಗಿದ ಮಾತನ್ನು ಎತ್ತಿದಳು ಎಂದು ಸಿಟ್ಟಾದರು. ಅವರ ಮನೆಯ ಗಂಡಸರೂ ಉಸುಕು ತುಂಬುವವರೇ. ಒಬ್ಬ ಅಧಿಕಾರಿ ಬಂದು ದಂಡೆಯ ಮೇಲೆ ಟೇಪು ಹಿಡಿದು ಅಳತೆ ಮಾಡಿ ಹೋದ, ಮತ್ತೆ ಬರಲಿಲ್ಲ. ಮುಂದಿನ ಬೇಸಿಗೆಗೆ ಅವಳು ಹಚ್ಚಿದ ಬಳ್ಳಿಗಳ ಮೇಲೆ ಟ್ರ್ಯಾಕ್ಟರಿನ ಗಾಲಿ ಹಾದು ಹೋಗಿತ್ತು. ಇದನ್ನು ಮಾಸ್ತರರೇ ಫೋನು ಮಾಡಿ ಹೇಳಿದರು, ಅಳುತ್ತಿದ್ದರು.

ಸಂಸ್ಥೆಯವರಿಗೆ ತಿಳಿಸಿದೆ. ಅವರು ಗಾಬರಿಯಾದರು. ಹೇಳಿದವರಿಂದಲೇ ಬೇರೆ ವಾಕ್ಯ ಧ್ವನಿಮುದ್ರಿಸಿ ತಂದರೆ ಹಳೆಯದನ್ನು ತೆಗೆದು ಅದನ್ನು ಹಾಕಬಹುದು, ಊರಿನವರಿಗೂ ಸಮಾಧಾನವಾಗುತ್ತದೆ ಎಂದರು. ನನಗೂ ಅದು ಸರಿ ಕಂಡಿತು. ಧ್ವನಿಮುದ್ರಣದ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಬಸ್ಸು ಇಳಿದ ಕೂಡಲೇ ಎದುರಾದವನು ತಮ್ಮನ ಮಗ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ. ಸೋತ ಮುಖವಿತ್ತು. "ಅಕ್ಕೋರ, ನೀವು ಸಂಜಿ ಬಸ್ಸಿಗೆ ಹೋಗ್ತೀರಿ. ಅತ್ತಿ ಮುಂದ ತಾಟ ಇಡಾವ್ರು ನಾವು," ಎಂದ. ಒಂದು ಮಾತು ಬದಲಿ ಹೇಳಿದರೆ ಊರಿನವರನ್ನು ತಾನು ಒಪ್ಪಿಸುತ್ತೇನೆ, ಮೊದಲಿನಂತೆ ಇರಲಿ ಎಂದೂ ಹೇಳಿದ. ಅವನು ಸುಳ್ಳು ಹೇಳುತ್ತಿರಲಿಲ್ಲ ಎಂದು ಈಗಲೂ ಅನಿಸುತ್ತದೆ.

ಆಯಿ ಹಿತ್ತಲಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಎಷ್ಟು ದಿನದಿಂದ ಮಾತಾಡಿರಲಿಲ್ಲವೋ, ಧ್ವನಿ ಕಟ್ಟಿಹೋಗಿತ್ತು. ಬಾ ಎಂದಳು, ಬೆನ್ನ ಮೇಲೆ ಕೈಯಾಡಿಸಿದಳು, ಯಾಕೆ ಸೊರಗಿದ್ದೀ ಎಂದು ನನ್ನನ್ನೇ ಕೇಳಿದಳು. ನಾನು ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಯಂತ್ರ ತೆಗೆದು ಮುಂದಿಟ್ಟೆ. ಮಡುವಿಗೆ ಒಂದು ಬೇರೆ ವಾಕ್ಯ ಹೇಳಿರಿ ಆಯಿ, ಮೀನಿಂದು ಹೇಳಿರಿ, ಎಮ್ಮೆ ಬಿದ್ದದ್ದು ಹೇಳಿರಿ, ಏನಾದರೂ ನಡೆಯುತ್ತದೆ ಎಂದು ಬೇಡಿಕೊಂಡೆ.

ಆಯಿ ಯಂತ್ರದ ಕೆಂಪು ದೀಪವನ್ನು ನೋಡಿದಳು.

"ಬ್ಯಾರೆ ಇಲ್ಲ, ಯವ್ವಾ. ನನ್ನ ಮಡುದಾಗ ಆಕಿ ಒಬ್ಬಾಕಿನ ಅದಾಳ."

ಆಮೇಲೆ ಎದ್ದು ಒಳಗೆ ಹೋದಳು. ಸಂಜೆಯ ಬಸ್ಸಿನವರೆಗೆ ಕಾದೆ, ಹೊರಗೆ ಬರಲಿಲ್ಲ.

ಸಂಸ್ಥೆಯವರು ಮರುದಿನ ಆ ಒಂದು ವಾಕ್ಯವನ್ನಷ್ಟೇ ತೆಗೆಯಲಿಲ್ಲ. ಯಾವುದಕ್ಕೂ ಇರಲಿ ಎಂದು ಅವಳ ಧ್ವನಿಯನ್ನೆಲ್ಲ ಅಳಿಸಿ, ಊರಿನ ಚುಕ್ಕಿಯನ್ನೂ ಕಿತ್ತರು. ನಕಾಶೆಯಲ್ಲಿ ಈಗ ಆ ಜಾಗ ಶಬ್ದ ಮರೆತ ಊರುಗಳ ಹಾಗೆ ಖಾಲಿ ಇದೆ. ಅಳಿಸಿದ್ದರಿಂದ ಊರಿನವರ ಮಾತೇನೂ ಮರಳಿ ಬರಲಿಲ್ಲ, ಅವರ ಫೋನುಗಳಲ್ಲಿ ಆಯಿಯ ಧ್ವನಿ ಆಗಲೇ ಉಳಿದುಹೋಗಿತ್ತು. ಕೆಲವು ತಿಂಗಳ ಮೇಲೆ ಆಯಿ ಸಾಲಹಳ್ಳಿಯ ತಂಗಿಯ ಮನೆಗೆ ಹೋದಳು. ಅಲ್ಲಿ ಹೊಳೆಯಿಲ್ಲ. ಒಂದು ವರ್ಷವೂ ಇರಲಿಲ್ಲ, ತೀರಿಕೊಂಡಳು. ನನಗೆ ತಿಳಿದದ್ದು ಮಣ್ಣಾದ ಹದಿನೈದು ದಿನಕ್ಕೆ.

ನಾನೀಗ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಅವಳನ್ನು ಕುರಿತು ಯಾರ ಮುಂದೆಯೂ ಮಾತಾಡಿದವಳಲ್ಲ. ಉಸುಕು ಬಂದ ವಾರವೇ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯಿಂದ ಪತ್ರ ಬಂತು. ಭಾಷೆ ಮತ್ತು ಪರಿಸರದ ಮೇಲೆ ಕೆಲಸ ಮಾಡುತ್ತಿದ್ದಾಳಂತೆ. ಮಲಪ್ರಭೆಯ ದಂಡೆಯ ಹಳೆಯ ಧ್ವನಿಮುದ್ರಿಕೆಗಳು ನಿಮ್ಮಲ್ಲಿ ಇವೆಯೇ, ಇದ್ದರೆ ಎಲ್ಲರಿಗೂ ಸಿಗುವಂತೆ ಮಾಡೋಣ ಎಂದು ಉತ್ಸಾಹದಿಂದ ಬರೆದಿದ್ದಳು. ಪತ್ರ ಓದುವಾಗ ನನ್ನದೇ ಹಳೆಯ ಕಾಗದ ಓದಿದಂತಾಯಿತು. ಏನೂ ಉಳಿದಿಲ್ಲ ಎಂದು ಉತ್ತರ ಕಳಿಸಿದೆ.

ಉಳಿದಿದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ, ಕತ್ತರಿಸದ, ತಿದ್ದದ ಎಂಟು ದಿನಗಳೂ ಇವೆ. ಇಷ್ಟು ವರ್ಷ ಅದನ್ನು ಮುಟ್ಟಿರಲಿಲ್ಲ. ನಿನ್ನೆ ಬಾಗಿಲು ಹಾಕಿಕೊಂಡು ಏಳನೆಯ ದಿನವನ್ನು ಹಚ್ಚಿದೆ. ಗಾಳಿ, ದೂರದಲ್ಲೊಂದು ಟ್ರ್ಯಾಕ್ಟರಿನ ಸದ್ದು, ಆಮೇಲೆ ಆಯಿ. ಕಾಲ ಜಾರಿ ಬಿದ್ಲು ಅಂತ ಬರಿಸಿದ್ರು ಎಂದು ಹೇಳಿ ನಿಲ್ಲಿಸುತ್ತಾಳೆ. ಉಸಿರು ಎಳೆದುಕೊಂಡದ್ದು ಕೇಳುತ್ತದೆ, ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಒಂದು ಎಳೆಯ, ಖುಷಿಯ ಧ್ವನಿ ನಡುವೆ ಬರುತ್ತದೆ. ನನ್ನದು ಎಂದು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಭಾಳ ಛಲೋ ಬಂತ್ರಿ, ಆಯಿ. ಮುಂದಿನ ಶಬ್ದ ಹೇಳ್ರಿ."

ಆಯಿ ಮುಂದಿನ ಶಬ್ದ ಹೇಳಿದ್ದಾಳೆ.