ಎಚ್.ಟಿ.-2ರ ಮುಂದಿನ ಸೀಟು

ಆ ಚೀಟಿಯಲ್ಲಿದ್ದದ್ದು ನನ್ನ ಹೆಸರಲ್ಲ. ಚಂದ್ರಮ್ಮನ ಹೆಸರು. ನಾನು ಅದನ್ನು ಬಿಡಿಸಿದೆ, ಓದಿದೆ, ತಲೆಯೆತ್ತಿ "ಸುಮಿತ್ರಾ" ಎಂದೆ — ಅದು ನಾನು. ಚೀಟಿಯನ್ನು ಮುಷ್ಟಿಯೊಳಗೆ ಮುದುರಿ ಜೇಬಿಗೆ ಹಾಕಿಕೊಂಡೆ. ಯಾರೂ ತೋರಿಸು ಅನ್ನಲಿಲ್ಲ. ತಂಡದ ನಾಯಕಿ ನಾನು. ನನ್ನ ಮೇಲೆ ಯಾರಿಗೆ ಅನುಮಾನ ಬರಬೇಕು?

ನಲವತ್ತು ವರ್ಷದ ಮೇಲಾಯಿತು. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಹನ್ನೆರಡು ಹುಡುಗಿಯರು ಕೆಡೆಟ್ ತರಬೇತಿಗೆ ಸೇರಿದ್ದೆವು. ನಾನು ಮಿರ್ಲೆಯವಳು. ಚಂದ್ರಮ್ಮ ಕಾಡಂಚಿನ ಎನ್. ಬೇಗೂರಿನ ಕಡೆಯಿಂದ ಬಂದವಳು. ಒಂದೇ ಕೋಣೆ, ಒಂದೇ ಬಕೆಟ್ಟು, ಊರಿಂದ ಬಂದ ಚಕ್ಕುಲಿಯಲ್ಲೂ ಅರ್ಧರ್ಧ. ಶಿಬಿರದ ಕೊನೆಯ ದಿನ ಊರಾಚೆಯ ಏರ್‌ಸ್ಟ್ರಿಪ್ಪಿಗೆ ನಮ್ಮನ್ನು ಕರೆದೊಯ್ದಿದ್ದರು. ಅಲ್ಲಿ ನಿಂತಿತ್ತು — ಹಳದಿ ಬಣ್ಣದ ಎಚ್.ಟಿ.-2. ವಾಯುಸೇನೆಗೆ ಸೇರಿದ ಹುಡುಗರು ಹಾರಲು ಕಲಿಯುತ್ತಿದ್ದ ಪುಟ್ಟ ವಿಮಾನ. ಒಂದರ ಹಿಂದೆ ಒಂದು, ಎರಡೇ ಸೀಟು. ಮೂತಿ ಆಕಾಶಕ್ಕೆ, ಬಾಲ ನೆಲಕ್ಕೆ. ಅನ್ನ ಕೇಳುವ ನಾಯಿಮರಿಯ ಹಾಗೆ ಕೂತಿತ್ತು. ಬೆಂಗಳೂರಿನಲ್ಲೇ ನಮ್ಮವರೇ ಯೋಚಿಸಿ ಕಟ್ಟಿದ್ದು ಎಂದು ತರಬೇತುದಾರರು ಹೇಳಿದಾಗ ನಾವೆಲ್ಲ ಅದನ್ನು ಮುಟ್ಟಿ ಮುಟ್ಟಿ ನೋಡಿದೆವು.

"ಒಬ್ಬರನ್ನು ಕರ್ಕೊಂಡು ಹೋಗ್ತೀನಿ. ಒಬ್ಬರನ್ನು ಮಾತ್ರ" ಎಂದರು ಅವರು. ಟೋಪಿಯಲ್ಲಿ ಹನ್ನೆರಡು ಚೀಟಿ ಹಾಕಿದರು. ಎತ್ತು ಎಂದು ನನಗೇ ಹೇಳಿದರು.

ನನ್ನ ಬಾಯಿಂದ ನನ್ನ ಹೆಸರು ಬಂದ ಕೂಡಲೇ ಮೊದಲು ಓಡಿ ಬಂದು ತಬ್ಬಿದವಳು ಚಂದ್ರಮ್ಮ. ಗಾಳಿ ಹೊಡೆದೀತು ಎಂದು ತನ್ನ ಸ್ವೆಟರ್ ಬಿಚ್ಚಿ ನನಗೆ ತೊಡಿಸಿದಳು. ಹೆಲ್ಮೆಟ್ಟಿನ ಪಟ್ಟಿ ಬಿಗಿದಳು. "ಮ್ಯಾಲಿಂದ ನಮ್ಮೂರು ಕಂಡದು ಕಣೆ, ಕಾಡು ಕಡೀಕೆ ತಿರುಗಿ ನೋಡ್ಕಂಡ್ ಬಾ" ಎಂದಳು. ಆಗಲಾದರೂ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ — ಆದರೆ ಕಾಲು ಆಗಲೇ ರೆಕ್ಕೆಯ ಮೇಲಿತ್ತು.

ಈಗ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಇದು ಮೊದಲನೆಯದಕ್ಕಿಂತ ಕಷ್ಟ. ಆ ಹದಿನೈದು ನಿಮಿಷಗಳಷ್ಟು ಸಂತೋಷವನ್ನು ನಾನು ಮತ್ತೆಂದೂ ಕಂಡಿಲ್ಲ. ಮುಂದಿನ ಸೀಟಿನಲ್ಲಿ ನಾನು, ಹಿಂದೆ ಅವರು. ಓಡತೊಡಗಿದಾಗ ಎದುರಿಗೆ ಎಂಜಿನ್ನಿನ ಮೂತಿ ಬಿಟ್ಟು ಏನೂ ಕಾಣದು. ಆಮೇಲೆ ಬಾಲ ಮೇಲೆದ್ದಿತು — ಎದುರಿಗೆ ಇಡೀ ಬಯಲು ತೆರೆದುಕೊಂಡಿತು — ಚಕ್ರದ ಸದ್ದು ನಿಂತಿತು. ನಾನು ಕಿರುಚಿದೆ. ಭಯಕ್ಕಲ್ಲ! ಬೆಟ್ಟ ಕೆಳಗಾಯಿತು, ಕೆರೆಗಳು ಕನ್ನಡಿ ಚೂರಾದವು, ಗದ್ದೆಯಲ್ಲಿ ಯಾರೋ ತಲೆಯ ಮೇಲಿನ ಹೊರೆ ಇಳಿಸಿ ಕೈ ಬೀಸಿದರು. ಒಂದು ಕ್ಷಣ ತರಬೇತುದಾರರು ವಿಮಾನ ನಡೆಸುವ ಕೋಲನ್ನು ನನ್ನ ಕೈಗೂ ಬಿಟ್ಟರು. ಎರಡು ಬೆರಳು ಅಲುಗಿಸಿದೆ, ವಿಮಾನ ವಾಲಿತು. ನಾನು ಹೇಳಿದ್ದನ್ನು ಅದು ಕೇಳಿತು!

ಇಳಿದ ಮೇಲೆ ಚಂದ್ರಮ್ಮ ಕೇಳಿದಳು, "ನಮ್ಮೂರು ಕಂಡ್ತಾ?"

"ಕಂಡಿತು" ಎಂದೆ.

ಎರಡನೆಯ ಸುಳ್ಳು.

ವಿಮಾನದ ಪಕ್ಕ ನಿಂತ ನನ್ನ ಫೋಟೋ ಕಾಲೇಜಿನ ಗೋಡೆಗೆ ಬಂತು. ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆದ ಮೇಲೂ ನಾನು 'ಹಾರಿದ ಮೇಡಮ್'. ಪ್ರತಿ ವರ್ಷ ಹೊಸ ಮಕ್ಕಳಿಗೆ ಆ ಕಥೆ ಹೇಳಿದೆ, ಅದೃಷ್ಟದ ಚೀಟಿಯ ಭಾಗವನ್ನೂ ಸೇರಿಸಿಯೇ. ಚಂದ್ರಮ್ಮ ಮದುವೆಯಾಗಿ ಸರಗೂರಿಗೆ ಹೋದಳು. ಗಂಡ ಜಮೀನು ನೋಡಿಕೊಂಡ, ಇವಳು ಹಿಟ್ಟಿನ ಗಿರಣಿ ಹಿಡಿದಳು. ಹಾರಿದ್ದರೆ ಅವಳ ಬದುಕು ಬೇರೆಯಾಗುತ್ತಿತ್ತೇ? ಗೊತ್ತಿಲ್ಲ. ಆ ಪ್ರಶ್ನೆಯ ಹಿಂದೆ ಅವಿತುಕೊಳ್ಳಲಾರೆ. ಸೀಟು ಅವಳದಾಗಿತ್ತು, ಅಷ್ಟೇ.

ಕಳೆದ ತಿಂಗಳು ಹುಣಸೂರಿನ ಬಳಿಯ ಒಂದು ಪಾಲಿಟೆಕ್ನಿಕ್ಕಿನಿಂದ ಫೋನ್ ಬಂತು. ಷೆಡ್ಡಿನಲ್ಲಿ ವರ್ಷಗಟ್ಟಲೆ ಧೂಳು ತಿಂದಿದ್ದ ಎಚ್.ಟಿ.-2 ಒಂದನ್ನು ಅಲ್ಲಿನ ವಿದ್ಯಾರ್ಥಿಗಳು ಸರಿಮಾಡಿದ್ದರಂತೆ. ಹಾರುವುದಿಲ್ಲ, ಆದರೆ ಎಂಜಿನ್ ಓಡುತ್ತದೆ. ಇಂಥವು ದೇಶದಲ್ಲಿ ಉಳಿದಿರುವುದೇ ಬೆರಳೆಣಿಕೆಯಷ್ಟು — ಒಂದಿಷ್ಟು ಕಂಬದ ಮೇಲೆ, ಒಂದಿಷ್ಟು ಮ್ಯೂಸಿಯಮ್ಮಿನಲ್ಲಿ. "ಅದರಲ್ಲಿ ಹಾರಿದವರು ನೀವು ಮೇಡಮ್, ನೀವೇ ಮುಖ್ಯ ಅತಿಥಿಗಳು" ಎಂದರು. ಬರುತ್ತೇನೆ, ಗೆಳತಿಯೊಬ್ಬಳನ್ನು ಕರೆತರುತ್ತೇನೆ ಎಂದೆ.

ಚಂದ್ರಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. ಅದೇ ಹಳದಿ, ಅದೇ ಮೇಲೆತ್ತಿದ ಮೂತಿ! ಇಬ್ಬರೂ ವಯಸ್ಸು ಮರೆತು ಓಡಿದೆವು. ಅವಳು ರೆಕ್ಕೆಯ ಮೇಲೆ ಕೈಯಾಡಿಸುತ್ತ, "ಪುಣ್ಯ ಮಾಡಿದ್ದೆ ಕಣೆ ನೀನು" ಎಂದಳು.

ಆ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ರೆಕ್ಕೆಯ ಪಕ್ಕದಲ್ಲೇ ನಿಂತು ಹೇಳಿಬಿಟ್ಟೆ. "ಚೀಟಿಯಲ್ಲಿ ನಿನ್ನ ಹೆಸರಿತ್ತು, ಚಂದ್ರಿ."

ಅವಳ ಕೈ ನಿಂತಿತು. ಆಮೇಲೆ — "ನಮ್ಮೂರಾದ್ರೂ ದಿಟವಾಗ್ಲೂ ಕಂಡಿತ್ತಾ?"

"ಇಲ್ಲ. ನೋಡೋದನ್ನೇ ಮರೆತೆ. ಅಷ್ಟು ಖುಷಿಯಾಗಿತ್ತು."

"ಅದೊಂದು ನೀ ಹೇಳಬಾರದಾಗಿತ್ತು" ಎಂದಳು. ಕಣ್ಣು ತುಂಬಿತ್ತು. ನಾನು ಕ್ಷಮಿಸು ಅನ್ನಲಿಲ್ಲ. ಕೇಳುವ ಹಕ್ಕು ನನಗಿದೆ ಅನ್ನಿಸಲಿಲ್ಲ.

ಅವಳು ನನ್ನನ್ನು ಬಿಟ್ಟು ನೇರ ಹೋದದ್ದು ಎಂಜಿನ್ ನೋಡಿಕೊಳ್ಳುತ್ತಿದ್ದ ನಿವೃತ್ತ ಫಿಟ್ಟರ್ ಬಳಿಗೆ. "ಸ್ವಾಮಿ, ಮುಂದಿನ ಸೀಟ್ನಲ್ಲಿ ನಾ ಕೂತ್ಕತೀನಿ" ಎಂದಳು. ಕೇಳಿದ್ದಲ್ಲ, ತಿಳಿಸಿದ್ದು. ಇಬ್ಬರು ಹುಡುಗಿಯರು ಕೈಕೊಟ್ಟು ಹತ್ತಿಸಿದರು. ಚಕ್ರ ಉರುಳದಂತೆ ಮರದ ತುಂಡು ಕೊಟ್ಟರು, ಫಿಟ್ಟರ್ ಹಿಂದೆ ಕೂತರು. ಮೂತಿಯ ಮೇಲಿನ ಫ್ಯಾನು ಎರಡು ಸಲ ಕೆಮ್ಮಿ, ಹೊಗೆಯುಗುಳಿ, ತಿರುಗಿತು. ಅವಳ ಸೆರಗು, ಕೂದಲು, ಎಲ್ಲ ಗಾಳಿಗೆ! ಮೊದಲು ಅಳುತ್ತಿದ್ದಳು. ಆಮೇಲೆ ನೋಡಿದರೆ ಬಾಯಿ ತುಂಬ ನಗು. ಇದ್ದಕ್ಕಿದ್ದಂತೆ ತಲೆ ವಾಲಿಸಿ, ಕಿವಿಗೊಟ್ಟು, ಕೈಯಲ್ಲಿ 'ನಿಲ್ಸಿ, ನಿಲ್ಸಿ' ಎಂದು ಸನ್ನೆ ಮಾಡಿದಳು.

"ನಾಕು ಸಿಲಿಂಡರ್‌ನಲ್ಲಿ ಒಂದು ಸರಿಯಾಗ್ ಹೊಡೀತಿಲ್ಲ ಕಣ್ರೀ."

ಫಿಟ್ಟರ್ ನಕ್ಕರು. ಇಳಿದು ಬಂದು ಎಂಜಿನ್ನಿನ ಮುಚ್ಚಳ ತೆಗೆದು ನೋಡಿದರು. ಒಂದು ಪ್ಲಗ್ಗಿಗೆ ಮಸಿ ಕಟ್ಟಿತ್ತು. "ನಿಮಗೆ ಹೆಂಗೆ ತಿಳೀತಮ್ಮ?"

"ಮೂವತ್ತು ವರ್ಸ ಡೀಸೆಲ್ ಇಂಜಿನ್ ಜೊತೆ ಸಂಸಾರ ಮಾಡಿದೀನಿ. ಗಂಡ ಕೆಮ್ಮಿದ್ರೂ ಇಷ್ಟು ಗೊತ್ತಾಗಾಕಿಲ್ಲ."

ಇಡೀ ಷೆಡ್ಡು ನಕ್ಕಿತು. ಪ್ಲಗ್ ಒರೆಸಿ ಮತ್ತೆ ಶುರುಮಾಡಿದಾಗ ಎಂಜಿನ್ ಒಂದೇ ಶ್ರುತಿಯಲ್ಲಿ ಹಾಡಿತು. ಹುಡುಗರು ಚಪ್ಪಾಳೆ ಹೊಡೆದರು. ಹಾರ ನನ್ನ ಕೊರಳಿಗೆ ಬಿತ್ತು. ಎಲ್ಲರೂ ಮಾತಾಡಿಸಿದ್ದು ಅವಳನ್ನು. ಮೈಕಿನ ಮುಂದೆ ನಾನು ಎರಡು ಮಾತಾಡಿ ಕೂತೆ. ನಿಜ ಹೇಳಲಿಲ್ಲ. ಅಲ್ಲಿಯೂ ಧೈರ್ಯ ಸಾಲಲಿಲ್ಲ, ಅದನ್ನೂ ಇಲ್ಲಿ ಬರೆಯಬೇಕು.

ಸರಗೂರಿನ ಬಸ್ಸು ಹತ್ತುವಾಗ ಚಂದ್ರಮ್ಮ ತಿರುಗಿದಳು. "ಕ್ಷಮಿಸಿವ್ನಿ ಅಂತ ಅಂದ್ಕಬ್ಯಾಡ. ಭಾನುವಾರ ಗಿರಣಿಗೆ ಬಾ. ಒಂದಿನ ಪೂರ್ತಿ ದುಡಿ."

ಹೋದೆ. ಬೆಳಗಿನಿಂದ ರಾಗಿ ಸುರಿದೆ, ಹಿಟ್ಟು ತುಂಬಿದೆ, ಚೀಲ ಎತ್ತಿದೆ. ರೆಪ್ಪೆ, ಹುಬ್ಬು, ಕಿವಿ ಎಲ್ಲ ಹಿಟ್ಟು. ಅವಳು ಸ್ಟೂಲಿನ ಮೇಲೆ ಕೂತು ಹುಕುಂ ಮಾಡುತ್ತಿದ್ದಳು — "ಅಂಗಲ್ಲ ಕಣೆ, ಮೆತ್ತಗೆ ಸುರಿ!" ಮಧ್ಯಾಹ್ನ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದುಕೊಂಡು ಉಂಡೆವು. ನಗು ತಡೆಯಲಾಗದೆ ಇಬ್ಬರಿಗೂ ಬಿಕ್ಕಳಿಕೆ ಬಂತು.

ಸಂಜೆ ಹೊತ್ತಿಗೆ ಗಿರಣಿಯ ಮುಂದೆ ಹೆಂಗಸರ ಸಾಲು. ಮುಂದೆ ನಿಂತಿದ್ದ ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ಇದ್ಯಾರವ್ವ ಹೊಸ ಆಳು?"

"ನನ್ನ ಇಮಾನ ಕದ್ದೋಳು ಇವ್ಳೇ ಕಣಜ್ಜಿ" ಎಂದಳು ಚಂದ್ರಮ್ಮ, ಎಲ್ಲರಿಗೂ ಕೇಳುವಂತೆ.

ಸಾಲಿಗೆ ಸಾಲೇ ನಕ್ಕಿತು. ಅಜ್ಜಿ ಮಾತ್ರ ನಗಲಿಲ್ಲ. ಹತ್ತಿರ ಬಂದು ನನ್ನ ಮುಖವನ್ನೇ ನೋಡಿದರು. "ದಿಟವೇನವ್ವಾ?"

ನಾನು ಚೀಲ ಕೆಳಗಿಟ್ಟೆ.

"ದಿಟ ಕಣಜ್ಜಿ" ಎಂದೆ. "ಕದ್ದೆ."