ಗುದ್ದಣ್ಣನ ಹಾಳು ಬಾಯಿ

ನಾನು ಹಗ್ಗ, ಬೂಟು, ಟಾರ್ಚು ಮಾರುವವನು. ಕೊಂಡವರನ್ನು ಬೆಟ್ಟ ಹತ್ತಿಸುವುದು ಗುದ್ದಣ್ಣನ ಕಸುಬು. ಮಾತು ಮುಗಿಯುವ ಮೊದಲೇ ಕೈ ಬೀಸುತ್ತಾನೆ, ಅದಕ್ಕೇ ಆ ಹೆಸರು. ಅವನ ಬೆಟ್ಟವೋ, ನಕ್ಷೆಯಲ್ಲಿ ಕಂಡರೆ ನೊಣ ಕೂತೆದ್ದ ಕಲೆ ಎಂದುಕೊಳ್ಳುತ್ತೀರಿ. ಕಾಡಿನೊಳಗಿನ ಮೂರು ಕೊಳ ದಾಟಿ, ಆಮೇಲೆ ಸಡಿಲ ಕಲ್ಲಿನ ಕೊರಕಲಲ್ಲಿ ಕೈಕಾಲು ಊರಿ ಏರಬೇಕು. ಅಲ್ಲಿ ಅವನದು ಒಂದೇ ಕಟ್ಟಳೆ: ಯಾರ ಕಾಲಡಿ ಕಲ್ಲು ಜಾರಿದರೂ ಕೂಗಬೇಕು, ಕೆಳಗಿದ್ದವರು ತಲೆಯೆತ್ತದೆ ಗೋಡೆಗೆ ಅಂಟಿಕೊಳ್ಳಬೇಕು. ಕೂಗಲು ಮರೆತ ಗಿರಾಕಿಗಳ ಕಪಾಳಕ್ಕೆ ಬಾರಿಸಿದ್ದೂ ಉಂಟು. ಅವರ್ಯಾರೂ ಮತ್ತೆ ನನ್ನ ಅಂಗಡಿಗೆ ಬರಲಿಲ್ಲ.

ಒಂದು ಬೆಳಿಗ್ಗೆ ಅವನ ತಂಗಿ ಮಣಿಕಟ್ಟಿಗೆ ಟವೆಲ್ ಸುತ್ತಿಕೊಂಡು ತವರಿಗೆ ಬಂದಳು. ಗಂಡ ಬಡಗಿ, ಉಳಿಗೆ ಹೊಡೆಯುವ ಕೊಡತಿಯಿಂದಲೇ ಅವಳ ಮೂಳೆ ಮುರಿದಿದ್ದ. ಗುದ್ದಣ್ಣ ಅವತ್ತು ಯಾರ ಮೇಲೂ ಕೈ ಬೀಸಲಿಲ್ಲ. ಬೀದಿಗೆಲ್ಲ ಭಯ ಹುಟ್ಟಿದ್ದು ಅದಕ್ಕೇ. ಮರುದಿನ, ಬೆಟ್ಟದ ತುದಿಯ ಗುಡಿಸಲಿನ ಬಾಗಿಲು ರಿಪೇರಿ ಇದೆ ಎಂದು ಬಾವನನ್ನು ಕರೆದ. ಬರಲ್ಲ ಎಂದರೆ ಹೆದರಿದ ಹಾಗಾಗುತ್ತದೆಂದು ಬಡಗಿ ಚೀಲ ಹೆಗಲಿಗೇರಿಸಿದ. ತಂಗಿ ನನ್ನ ಅಂಗಡಿಗೆ ಓಡಿಬಂದು, ಅಣ್ಣ ಕೊಲೆಗಾರನಾಗಬಾರದು, ತನಗಿರುವುದು ಅವನೊಬ್ಬನೇ, ನೀವೂ ಜೊತೆಗೆ ಹೋಗಿ ಎಂದು ಗೋಗರೆದಳು. ಹೊಸ ಹಗ್ಗ ಪರೀಕ್ಷಿಸುತ್ತೇನೆಂದು ಹೆಂಡತಿಗೆ ಹೇಳಿದೆ. ಹೆಣ ಬಿದ್ದರೆ ಸಾಕ್ಷಿಗೆ ಎನ್ನಿ ಎಂದು ಅವಳು ತಿದ್ದಿದಳು.

ಮೊದಲ ಕೊಳದಲ್ಲಿ ನೀರು ಕುಡಿದೆವು. ಎರಡನೆಯದರಲ್ಲಿ ಬಡಗಿ ಬಗ್ಗಿದ್ದೇ ತಡ, ಗುದ್ದಣ್ಣ ಅವನ ಕತ್ತು ಹಿಡಿದು ನೀರಿಗೆ ಅದುಮಿದ. ಗುಳ್ಳೆ ಏಳುವುದು ನಿಲ್ಲುತ್ತ ಬಂತು. ನಾನು ಸೊಂಟ ಹಿಡಿದು ಎಳೆದೆ. ಮೊಣಕೈ ಏಟಿಗೆ ನನ್ನ ಮೂಗು ಒಡೆಯಿತು. ಬಿಡಿಸಿಕೊಂಡ ಬಡಗಿ ಕೊಡತಿ ತೆಗೆದು ಗುದ್ದಣ್ಣನ ಪಕ್ಕೆಗೆ ಬಾರಿಸಿದ. ಗುದ್ದಣ್ಣ ಅವನ ಮುಂದಿನ ಎರಡು ಹಲ್ಲು ಉದುರಿಸಿದ. ನೀರು ಕೆಂಪಾಯಿತು. ಹಿಂದಕ್ಕೆ ದಾರಿ ಗೊತ್ತಿದ್ದವನು ಗುದ್ದಣ್ಣನೊಬ್ಬನೇ ಆದ್ದರಿಂದ ಬಡಗಿ ರಕ್ತ ಉಗುಳುತ್ತ ಹಿಂದೆಯೇ ಬಂದ. ಮೂರನೆಯ ಕೊಳದಲ್ಲಿ ಯಾರೂ ನೀರು ಮುಟ್ಟಲಿಲ್ಲ.

ಕೊರಕಲಲ್ಲಿ ನಾವಿಬ್ಬರು ಮೇಲೆ, ಬಡಗಿ ನೇರ ಕೆಳಗೆ. ಗುದ್ದಣ್ಣ ಕುಂಬಳಕಾಯಿ ಗಾತ್ರದ ಕಲ್ಲಿಗೆ ಕಾಲು ಕೊಟ್ಟು ಅಲ್ಲಾಡಿಸಿ ನೋಡಿದ. ಬೇಡ ಕಣೋ ಎಂದೆ. ನೂಕಿಯೇ ಬಿಟ್ಟ. ನೂಕಿದ ಆ ಕ್ಷಣದಲ್ಲೇ ಅವನ ಬಾಯಿ ಬೆಟ್ಟ ನಡುಗುವಂತೆ ಕೂಗಿತು: "ಕಲ್ಲು."

ಬಡಗಿ ಗೋಡೆಗೆ ಅಂಟಿಕೊಂಡ. ಕಲ್ಲು ಅವನ ಹೆಗಲ ಚರ್ಮ ಸುಲಿದು, ಕೊಡತಿಯಿದ್ದ ಚೀಲ ಕಿತ್ತುಕೊಂಡು, ಕೆಳಗಿನ ಕೊಳಕ್ಕೆ ಬಿತ್ತು.

ಗುದ್ದಣ್ಣ ಕುಸಿದು ಕೂತ. "ಥೂ, ಈ ಹಾಳು ಬಾಯಿ," ಎಂದು ತನ್ನ ಬಾಯಿಗೇ ಹೊಡೆದುಕೊಂಡ.

ನಮ್ಮ ಹಿಂದೆ ಬಡಗಿಯೂ ತುದಿಗೆ ತೆವಳಿ ಬಂದ. ಗುದ್ದಣ್ಣ ಅವನ ಕುತ್ತಿಗೆಪಟ್ಟಿ ಹಿಡಿದು ಬೆಟ್ಟದ ಆಚೆ ಬದಿ ತೋರಿಸಿದ. "ಅಗೋ ರಸ್ತೆ ಕಾಣ್ತದೆ, ಆ ಕಡೆ ಇಳಿ, ಬಾವ. ಇನ್ನೊಂದ್ಸಲ ನಮ್ಮ ಕಡೆ ಬಂದ್ರೆ ನಾನು ಕೂಗಲ್ಲ."

ಬಡಗಿ ತಿರುಗಿಯೂ ನೋಡದೆ ಇಳಿದ. ಮತ್ತೆ ಬರಲಿಲ್ಲ.

ನಾವು ಊರಿಗೆ ಮರಳಿದಾಗ ಮನೆ ಬಾಗಿಲಲ್ಲೇ ನಿಂತಿದ್ದ ತಂಗಿ ಮೊದಲು ಅಣ್ಣನ ಕೈ ನೋಡಿದಳು, ಆಮೇಲೆ ನನ್ನ ಮೂಗು. ಬದುಕಿದ್ದಾನೆ ಎಂದೆ. ಕೂಗಿದ ಕತೆಯನ್ನೂ ಹೇಳಿದೆ. ಕೊಡತಿ ಏನಾಯಿತೆಂದು ಕೇಳಿದಳು. ಕೊಳದ ತಳದಲ್ಲಿದೆ ಎಂದ ಗುದ್ದಣ್ಣ, ತಲೆ ತಗ್ಗಿಸಿ.

"ಕೂಗಿದ್ದು ಒಳ್ಳೇದಾಯ್ತು ಬಿಡಣ್ಣ," ಎಂದಳು. "ಜೈಲಿಗೆ ಬುತ್ತಿ ಹೊತ್ಕೊಂಡು ಬರೋಕೆ ನಂಗೆ ಈಗ ಇರೋದು ಒಂದೇ ಕೈ."